ಏನ್ ಇಸೇಸ?

ಬಸ್ಸಿನಲ್ಲಿ ಪಕ್ಕ ಕೂತವರು, ಸಂತೆಯಲ್ಲಿ ಎದುರಾದವರು, ಫೋನಿನಲ್ಲಿ ಹಲೋ ಆದ ಮೇಲೆ ಮಾತು ತೋಚದವರು, ಎಲ್ಲರೂ ಕೇಳುವುದು ಒಂದೇ: 'ಏನ್ ವಿಶೇಷ?' ಉತ್ತರವೂ ಮೊದಲೇ ಸಿದ್ಧ: 'ಏನಿಲ್ಲಪ್ಪ, ಹಿಂಗೇ ನಡೀತಿದೆ.' ಕೇಳಿದವರಿಗೆ ನಿರಾಸೆಯಿಲ್ಲ, ಹೇಳಿದವರಿಗೆ ಸಂಕೋಚವಿಲ್ಲ. ಇಬ್ಬರೂ ತಮ್ಮ ತಮ್ಮ ದಾರಿ ಹಿಡಿಯುತ್ತಾರೆ.

ಸಕಲೇಶಪುರದಿಂದ ಹೊರಟು ಶಿರಾಡಿ ಘಾಟಿ ಇಳಿಯುವ ಮೊದಲು ನಮ್ಮಜ್ಜಿಯ ಊರು ಹೆಗ್ಗದ್ದೆ ಸಿಗುತ್ತದೆ. ಹಿರಿದಾದ ಗದ್ದೆ ಹೆಗ್ಗದ್ದೆ. ಅಲ್ಲೇ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಇರುವುದೂ ಅದೇ 'ಹಿರಿ'. ಗದ್ದೆ ಕಿರಿದಾಗುತ್ತ ದಾರಿ ಹಿರಿದಾಗುತ್ತ ಬಂದಿದೆ, ಅಷ್ಟೆ. ಅಲ್ಲಿ ಅಜ್ಜಿಯ ಬಾಯಲ್ಲಿ 'ವಿಶೇಷ'ಕ್ಕೆ ವಕಾರವೂ ಇಲ್ಲ, ಷಕಾರವೂ ಇಲ್ಲ. 'ಇಸೇಸ' ಅಂದರೆ ಮುಗಿಯಿತು.

ನಾನು ಫೋನ್ ಮಾಡಿ ಕೇಳಿದರೆ ಅಜ್ಜಿಯೂ ಶುರು ಮಾಡುವುದು ಎಲ್ಲರ ಹಾಗೆಯೇ. 'ಏನೈತ್ಲಾ ಇಸೇಸ, ಏನಿಲ್ಲ.' ಒಂದು ಉಸಿರು ಎಳೆದುಕೊಂಡು ಮುಂದುವರಿಸುತ್ತಾರೆ. ರಾತ್ರಿ ಆನೆ ಬಂದಿದ್ದವು, ಕೆಳಗಿನ ತೋಟದ ಬೈನೆ ಮರ ಬೀಳಿಸಿ ತಿಂದು ಹೋಗಿವೆ. ಕೌಲಿ ಹಸು ಕರು ಹಾಕಿದೆ, ಹೆಣ್ಣುಗರು. ದೊಡ್ಡಪ್ಪನಿಗೆ ಮಂಡಿನೋವು ಜಾಸ್ತಿ, ಆದರೂ ಏಣಿ ಹತ್ತಿ ಮೆಣಸು ಕೊಯ್ಯಲು ಹೋಗುತ್ತಾನೆ, ಹೇಳಿದ ಮಾತು ಕೇಳುವುದಿಲ್ಲ. ಹೂಮಳೆ ಆಚೆ ಎಸ್ಟೇಟಿಗೆ ಒಂದಿಂಚು ಇಪ್ಪತ್ತು ಸೆಂಟು ಹೊಯ್ದು ಈ ಕಡೆ ಬರೀ ಮೋಡ ತೋರಿಸಿ ಹೋಯಿತು. ಮಳೆಯನ್ನು ಇಂಚು, ಸೆಂಟುಗಳಲ್ಲಿ ಹೇಳುವುದು ಕಾಫಿ ನಾಡಿನ ಪದ್ಧತಿ. ನೂರು ಸೆಂಟಿಗೆ ಒಂದಿಂಚು. ಶಾಲೆ ಮೆಟ್ಟಿಲು ಹತ್ತದ ಅಜ್ಜಿ ಈ ಲೆಕ್ಕದಲ್ಲಿ ತಪ್ಪಿದ್ದನ್ನು ನಾನು ಕಾಣೆ. ಮಾರ್ಚ್-ಏಪ್ರಿಲಿನ ಆ ಹೂಮಳೆ ಬಿದ್ದರೆ ವಾರ-ಹತ್ತು ದಿನದಲ್ಲಿ ಕಾಫಿ ಗಿಡ ಬೆಳ್ಳಗಾಗುತ್ತದೆ. ಆಮೇಲೆ ಇನ್ನೊಂದು ಮಳೆ ಬಂದು ಹೂವಿಗೆ ಬೆಂಬಲ ಕೊಡದಿದ್ದರೆ ಕಾಯಿ ಸರಿಯಾಗಿ ಕಟ್ಟುವುದಿಲ್ಲ. ಒಂದು ವರ್ಷದ ಸಂಸಾರವೇ ನಿಂತಿರುವ ಸಂಗತಿ ಇದು. ಅದೂ ಅಜ್ಜಿಯ 'ಏನಿಲ್ಲ'ದೊಳಗೇ ಸೇರಿದೆ.

'ವಿಶೇಷ' ಪದದ ಬೇರು ಸಂಸ್ಕೃತದ 'ಶಿಷ್'. ಮಿಕ್ಕಿದ್ದು ಶೇಷ, ಹಾಳುಬಿದ್ದು ಉಳಿದದ್ದು ಅವಶೇಷ, ಉಳಿದವುಗಳಿಂದ ಬೇರೆಯಾಗಿ ನಿಂತದ್ದು ವಿಶೇಷ. ಒಂದು ಪರಮಾಣುವನ್ನು ಅದರಂಥದೇ ಇನ್ನೊಂದರಿಂದ ಬೇರೆ ಮಾಡುವುದು ಯಾವುದೋ ಅದೇ ವಿಶೇಷ ಎಂದರು ಕಣಾದನ ದಾರಿಯ ವೈಶೇಷಿಕರು. ನಿನ್ನೆಯಂಥದೇ ಇನ್ನೊಂದು ದಿನವನ್ನು ನಿನ್ನೆಯಿಂದ ಬಿಡಿಸಿ ಹೇಳುವ ಅಜ್ಜಿಗೂ ಅವರಿಗೂ ಬಹಳ ದೂರವಿಲ್ಲ. ನಾವು ಮಾತ್ರ ಪದವನ್ನು ಎತ್ತರಕ್ಕೇರಿಸಿ ಕೂರಿಸಿದೆವು: ದೀಪಾವಳಿ ವಿಶೇಷಾಂಕ, ದೇವಸ್ಥಾನದಲ್ಲಿ ದುಡ್ಡು ಕೊಟ್ಟರೆ ವಿಶೇಷ ದರ್ಶನ, ಜಮೀನು ಹೋಗುವಾಗ ನೋಟಿಸು ಕಳಿಸುವ ವಿಶೇಷ ಭೂಸ್ವಾಧೀನಾಧಿಕಾರಿ. ಹೆದ್ದಾರಿ ಅಗಲವಾದ, ಎತ್ತಿನಹೊಳೆ ಯೋಜನೆಯ ಪೈಪು ಹಾಯ್ದ ಈ ಸೀಮೆಯಲ್ಲಿ ಆ ಕೊನೆಯ 'ವಿಶೇಷ'ವನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಹೆಂಗಸರ ನಡುವೆ ಈ ಪದ ದನಿ ತಗ್ಗಿಸಿಕೊಂಡು ಓಡಾಡುತ್ತದೆ. 'ಸೊಸೆಗೆ ವಿಶೇಷವಂತೆ' ಅಂದರೆ ಬಸುರಿ. ತಿಂಗಳ ಲೆಕ್ಕ, ಡಾಕ್ಟರ ಹೆಸರು ಯಾವುದೂ ಬೇಡ, ಹುಬ್ಬು ಒಂದಿಷ್ಟು ಎದ್ದರೆ ಸಾಕು. ಚಂದದ ಮರೆಮಾತು ನಿಜ, ಆದರೆ ಚೂಪೂ ಹೌದು. ಮದುವೆಯಾಗಿ ನಾಲ್ಕಾರು ವರ್ಷವಾದ ಹುಡುಗಿಯನ್ನು ಶುಭಕಾರ್ಯದ ಪಂಕ್ತಿಯಲ್ಲಿ ಕೂರಿಸಿಕೊಂಡು 'ಏನಾದ್ರೂ ವಿಶೇಷವೇನಮ್ಮ?' ಎಂದು ಕೇಳುವವರಿಗೆ ಅದು ಎಲ್ಲಿ ಚುಚ್ಚುತ್ತದೆಂದು ಗೊತ್ತಿಲ್ಲವೆಂದು ನಾನು ನಂಬುವುದಿಲ್ಲ. ನಮ್ಮ ಮನೆಯಲ್ಲೂ ಅಂಥ ಹುಡುಗಿಯೊಬ್ಬಳಿದ್ದಳು. ಅವಳು ಬಂದಾಗ ಅಜ್ಜಿ ಈ ಪದವನ್ನೇ ಬಾಯಿಗೆ ತರುತ್ತಿರಲಿಲ್ಲ, 'ಕಡುಬು ಬೇಯಿಸ್ಲೇನವ್ವಾ?' ಅನ್ನುತ್ತಿದ್ದರು. ಕಳಲೆ ಕಾಲವಾದರೆ ಜೊತೆಗೆ ಅದರ ಸಾರು.

ಸಾವಿಗೂ ಅಜ್ಜಿ ಈ ಪದ ಬಳಸುವುದಿಲ್ಲ. ಸಾವು 'ಸುದ್ದಿ'. 2023ರ ಡಿಸೆಂಬರ್ 4ರಂದು ಇದೇ ತಾಲ್ಲೂಕಿನ ಯಸಳೂರು ವಲಯದಲ್ಲಿ ಕಾಡಾನೆ ಹಿಡಿಯಲು ಹೋಗಿ, ದಸರಾ ಅಂಬಾರಿ ಹೊತ್ತಿದ್ದ ಆನೆ ಅರ್ಜುನ ಸತ್ತಾಗ ನಾನು ಫೋನ್ ಮಾಡಿ ಅಭ್ಯಾಸಬಲದಿಂದ 'ಏನಜ್ಜಿ ವಿಶೇಷ' ಅಂದೆ. 'ಇಸೇಸ ಅಲ್ಲ ಕಣ್ಲಾ, ಸುದ್ದಿ ಬಂದೈತೆ' ಅಂದರು. ಗದ್ದೆ ತುಳಿಯುವ ಆನೆಗಳಿಗೆ ಹಿಡಿಶಾಪ ಹಾಕುವ ಬಾಯಿಯೇ ಅದು.

ಹುಟ್ಟುಹಬ್ಬದ್ದು ಬೇರೆ ಕಥೆ. ಅಜ್ಜಿ ಹುಟ್ಟಿದ್ದು ನಾಟಿ ಕಾಲದಲ್ಲಿ, ಅವರವ್ವ ಗೊರಬು ಹೊದ್ದು ಗದ್ದೆಯಲ್ಲಿದ್ದಾಗ ನೋವು ಬಂತಂತೆ, ಇಷ್ಟೇ ದಾಖಲೆ. ಆಧಾರ್ ಕಾರ್ಡಿನಲ್ಲಿ ಜನವರಿ 1 ಎಂದು ಬಿದ್ದಿದೆ. ಹುಟ್ಟಿದ ದಿನ ಗೊತ್ತಿಲ್ಲದೆ ಬರೀ ವಯಸ್ಸು ಹೇಳಿದವರಿಗೆಲ್ಲ ಅದೇ ತಾರೀಖು, ಹಾಗಾಗಿ ಊರಿನ ಹಿರೀಕರಲ್ಲಿ ಸುಮಾರು ಜನ ಒಂದೇ ದಿನ ಹುಟ್ಟಿದವರು! ಮೊಮ್ಮಕ್ಕಳಿಗೆ ಅದೇ ಅನುಕೂಲವಾಯಿತು. ಎಂಬತ್ತು ತುಂಬಿತೆಂದು ಆಧಾರ್ ಹೇಳಿದ ವರ್ಷ ಹೊಸವರ್ಷದ ರಜೆ ಹಾಕಿಕೊಂಡು ಬಂದು, ಸಕಲೇಶಪುರದ ಬೇಕರಿಯಿಂದ ಕೇಕು ತಂದೆವು. ಕಾಫಿ ಕಣದಲ್ಲಿ ಕಾಯಿ ಹರಡಿತ್ತು. ಹೊಸ ಸೀರೆ ಉಡಿಸಿ ಕುರ್ಚಿಯಲ್ಲಿ ಕೂರಿಸಿದರೆ ಅಜ್ಜಿ ಕೇಕು ನೋಡಲಿಲ್ಲ, ಕಣ ನೋಡಿದರು. 'ಇವತ್ತೇನ್ಲಾ ಇಸೇಸ, ಎಲ್ರೂ ಕೆಲ್ಸ ಬಿಟ್ಟು ಬಂದಿದೀರಿ? ಕಾಯಿ ಯಾರು ಮಗುಚಾಕದು?' ಕೊನೆಗೆ ಚಿಕ್ಕಮ್ಮ ಹೋಗಿ ಕಾಲಲ್ಲಿ ಸಾಲು ಎಳೆದು ಬಂದ ಮೇಲೆಯೇ ಚಾಕು ಹಿಡಿದದ್ದು. ಕ್ರೀಮು ಹೆಬ್ಬೆರಳಿಗೆ ಅಂಟಿದ್ದನ್ನು ಸೆರಗಿಗೆ ಒರೆಸಿಕೊಂಡು, ತಿಂದು, 'ಸಪ್ಪೆ' ಎಂದರು. ಬೆಲ್ಲದ ಕಾಫಿ ಕುಡಿದು ಬೆಳೆದ ನಾಲಗೆ.

ಈ ಪದಕ್ಕೆ ಪಟ್ಟಣದಲ್ಲಿ ಇನ್ನೊಂದು ಕೆಲಸವೂ ಬಿದ್ದಿದೆ: ಫೋನ್ ಇಡುವುದು. ಮಾತು ಮುಗಿಯಿತು, ಹಾಗೆಂದು ಹೇಳಲಾಗದು, ಆಗ 'ಮತ್ತೇನ್ ವಿಶೇಷ?' ಅನ್ನುತ್ತೇವೆ. ಆ ಕಡೆಯವರು ಸೂಕ್ಷ್ಮ ತಿಳಿದು 'ಏನಿಲ್ಲ, ಇಡ್ಲಾ?' ಅನ್ನುತ್ತಾರೆ. ಹೆಗ್ಗದ್ದೆಗೆ ಈ ಒಪ್ಪಂದ ತಲುಪಿಲ್ಲ. 'ಮತ್ತೇನಜ್ಜಿ ವಿಶೇಷ' ಅಂದರೆ 'ಮತ್ತೆ...' ಎಂದು ಕೌಲಿಯ ಕರುವಿನಿಂದ ಹಿಡಿದು ಇನ್ನೊಂದು ಸುತ್ತು ಹೊರಡುತ್ತದೆ. ಫೋನಿನಲ್ಲಿ ಚಾರ್ಜ್ ಎಷ್ಟಿದೆ ನೋಡಿಕೊಂಡು ಕೇಳಬೇಕು.