ಪರದೆಯ ಮೇಲಿನ ಬೆಂಕಿ, ಈಸೂರಿನ ಬೆಂಕಿ

(ಆಗಸ್ಟ್ 15: ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರದ ಮಹೋತ್ಸವ ಹಾಗೂ ಸ್ವಾತಂತ್ರ್ಯ ದಿನಾಚರಣೆಯ ಚಿಂತನೆ)



ಆಗಸ್ಟ್ 15 ಭಾರತದ ಕಥೋಲಿಕರಾದ ನಮಗೆ ಎರಡು ಹಬ್ಬಗಳ ದಿನ. ಬೆಳಿಗ್ಗೆ ದೇವಾಲಯದಲ್ಲಿ ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರದ ಬಲಿಪೂಜೆ. ಪೂಜೆ ಮುಗಿದ ಮೇಲೆ ಅಂಗಳದಲ್ಲಿ ಧ್ವಜವಂದನೆ. ಆಮೇಲೆ ಮಕ್ಕಳ ಕಾರ್ಯಕ್ರಮ. ಈಗ ಆ ಕಾರ್ಯಕ್ರಮದಲ್ಲಿ ಪರದೆ ಮತ್ತು ಪ್ರೊಜೆಕ್ಟರ್ ಇಲ್ಲದಿದ್ದರೆ ನಮ್ಮ ಯುವಜನರಿಗೆ ಸಮಾಧಾನವಿಲ್ಲ. ಹಬ್ಬಕ್ಕೆ ವಾರವಿರುವಾಗಲೇ ಬಂದು, "ಫಾದರ್, ಈ ಸಲ ಸ್ಲೈಡಿಗೆ ಒಳ್ಳೆ ಎಫೆಕ್ಟ್ ಹಾಕೋಣ" ಎನ್ನುತ್ತಾರೆ. ನಾನು ಬೇಡವೆನ್ನುವುದಿಲ್ಲ. ಆದರೆ ಆ ಮಾತು ಕೇಳಿದಾಗಲೆಲ್ಲ ನನಗೆ ಈಸೂರು ನೆನಪಾಗುತ್ತದೆ. ಏಕೆಂದರೆ ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಈಸೂರಿನ ಕಥೆಗೆ ಎಫೆಕ್ಟ್ ಹಾಕಿದವನು ನಾನೇ.

ಆಗ ನಾನು ಗುರುಮಠದ ವಿದ್ಯಾರ್ಥಿ. ತರಬೇತಿಯ ನಡುವಿನ ಒಂದು ವರ್ಷ ಶಿಕಾರಿಪುರದ ಕಡೆ ಸೇವೆಗಿದ್ದೆ. ಸ್ವಾತಂತ್ರ್ಯ ದಿನಕ್ಕೆ ಈಸೂರಿನ ಹೋರಾಟದ ಬಗ್ಗೆ ಒಂದು ಪವರ್‌ಪಾಯಿಂಟ್ ಮಾಡಿಕೊಡುವಂತೆ ನನಗೆ ಹೇಳಿದ್ದರು. ಆ ಸಂಜೆ ಏನಾಯಿತೆಂದು ಹೇಳುವ ಮೊದಲು, ಈ ಎಫೆಕ್ಟ್ ಎಂಬುದು ಎಲ್ಲಿಂದ ಬಂತು ಎಂಬುದನ್ನು ಸ್ವಲ್ಪ ನೋಡೋಣ.

ಚಿತ್ರಗಳ ಸಾಲು: ನಮ್ಮ ನೆಲದಲ್ಲಿ, ನಮ್ಮ ಧರ್ಮಸಭೆಯಲ್ಲಿ

ಒಂದಾದ ಮೇಲೊಂದು ಚಿತ್ರ ತೋರಿಸಿ ಕಥೆ ಹೇಳುವುದು ಕಂಪ್ಯೂಟರ್ ಕಲಿಸಿದ ವಿದ್ಯೆಯಲ್ಲ. ಶಿಕಾರಿಪುರ, ಸೊರಬ ತಾಲ್ಲೂಕುಗಳ ಊರೂರುಗಳಲ್ಲಿ ನಿಂತಿರುವ ವೀರಗಲ್ಲುಗಳನ್ನು ನೋಡಿರಿ. ಸಾಮಾನ್ಯವಾಗಿ ಅವುಗಳಲ್ಲಿ ಮೂರು ಹಂತಗಳಿರುತ್ತವೆ. ಕೆಳಗೆ ಕಾಳಗ: ಊರಿನ ದನಗಳನ್ನು ಬಿಡಿಸಲು ಹೋದವನು ಹೋರಾಡಿ ಬೀಳುತ್ತಾನೆ. ನಡುವೆ ದೇವಕನ್ಯೆಯರು ಅವನನ್ನು ಮೇಲಕ್ಕೆ ಕರೆದೊಯ್ಯುತ್ತಾರೆ. ಮೇಲೆ ಅವನು ತನ್ನ ದೇವರ ಸನ್ನಿಧಿಯಲ್ಲಿ ಕುಳಿತಿದ್ದಾನೆ. ತುದಿಯಲ್ಲಿ ಸೂರ್ಯ ಚಂದ್ರರು. ಅಂದರೆ ಅವರಿರುವವರೆಗೆ ಈ ನೆನಪು ಇರಲಿ ಎಂದು. ಓದು ಬಾರದ ರೈತನೂ ಕೆಳಗಿನಿಂದ ಮೇಲಕ್ಕೆ ಕಣ್ಣು ಹಾಯಿಸಿದರೆ ಸಾಕು, ಕಥೆ ತಿಳಿಯುತ್ತದೆ. ಎಷ್ಟೋ ಕಲ್ಲುಗಳಲ್ಲಿ ಹಂತಗಳ ನಡುವಿನ ಪಟ್ಟಿಯ ಮೇಲೆ ಸತ್ತವನ ಹೆಸರನ್ನೂ ಕೆತ್ತಿರುತ್ತಾರೆ. ಚಿತ್ರ ಮತ್ತು ಹೆಸರು ಎರಡೂ ಒಟ್ಟಿಗಿವೆ.

ಧರ್ಮಸಭೆಯೂ ಚಿತ್ರದ ಬಲವನ್ನು ಬಹು ಹಿಂದೆಯೇ ಅರಿತಿತ್ತು. ಸುಮಾರು 600ರಲ್ಲಿ ಮಾರ್ಸೇಯ ಪಟ್ಟಣದ ಧರ್ಮಾಧ್ಯಕ್ಷ ಸೆರೇನುಸ್, ಜನರು ಚಿತ್ರಗಳನ್ನೇ ಆರಾಧಿಸುತ್ತಿದ್ದಾರೆಂದು ದೇವಾಲಯದ ಚಿತ್ರಗಳನ್ನು ಒಡೆಸಿಹಾಕಿದರು. ಜಗದ್ಗುರು ಮಹಾ ಗ್ರೆಗೊರಿಯವರು ಅವರಿಗೆ ಪತ್ರ ಬರೆದು ತಿದ್ದಿದರು. ಓದಬಲ್ಲವರಿಗೆ ಪುಸ್ತಕ ಹೇಗೋ ಓದು ಬಾರದವರಿಗೆ ಚಿತ್ರ ಹಾಗೆ. ಆರಾಧನೆಯನ್ನು ತಡೆಯಿರಿ, ಚಿತ್ರವನ್ನು ಒಡೆಯಬೇಡಿ ಎಂಬುದು ಅವರ ಮಾತಿನ ಸಾರ. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯವನ್ನು ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. 19ನೇ ಶತಮಾನದ ಕೊನೆಯಲ್ಲಿ ಇಟಲಿಯಿಂದ ಬಂದ ಯೇಸುಸಭೆಯ ಸಹೋದರ ಅಂತೋನಿಯೊ ಮೊಸ್ಕೆನಿ ಅಲ್ಲಿನ ಗೋಡೆ, ಮಾಳಿಗೆಗಳನ್ನೆಲ್ಲ ಚಿತ್ರಗಳಿಂದ ತುಂಬಿಸಿದರು.

ಬೆಳಕಿನ ಚಿತ್ರ ಬಂದದ್ದು 17ನೇ ಶತಮಾನದಲ್ಲಿ. ಹಾಲೆಂಡಿನ ವಿಜ್ಞಾನಿ ಕ್ರಿಸ್ಟಿಯಾನ್ ಹೈಗೆನ್ಸ್ 1659ರ ಹೊತ್ತಿಗೆ ಮಾಯಾದೀಪವನ್ನು, ಅಂದರೆ ಗಾಜಿನ ಮೇಲೆ ಬರೆದ ಚಿತ್ರವನ್ನು ದೀಪದಿಂದ ಗೋಡೆಯ ಮೇಲೆ ಮೂಡಿಸುವ ಯಂತ್ರವನ್ನು ಮಾಡಿದ್ದರು. ಅದಕ್ಕಾಗಿ ಅವರು ಬರೆದುಕೊಂಡ ಚಿತ್ರ ಯಾವುದು ಗೊತ್ತೇ? ತನ್ನ ತಲೆಯನ್ನು ತಾನೇ ತೆಗೆದು ಹಿಡಿಯುವ ಅಸ್ಥಿಪಂಜರ! ಯೇಸುಸಭೆಯ ಗುರು ಅಥನೇಸಿಯುಸ್ ಕಿರ್ಖರ್ 1671ರಲ್ಲಿ ತಮ್ಮ ಗ್ರಂಥದ ಎರಡನೆಯ ಮುದ್ರಣದಲ್ಲಿ ಈ ದೀಪದ ಚಿತ್ರ ಕೊಟ್ಟರು. ಅಲ್ಲಿ ಗೋಡೆಯ ಮೇಲೆ ಬೆಂಕಿಯ ನಡುವೆ ನಿಂತ ಆತ್ಮವೊಂದು ಕಾಣುತ್ತದೆ. ಸ್ಲೈಡಿನ ಮೇಲೆ ಬೆಂಕಿ ಹಾಕುವ ಆಸೆ ಇಂದಿನ ಹುಡುಗರದ್ದಷ್ಟೇ ಅಲ್ಲ, ಗುರುಗಳದ್ದೂ ಹೌದು!

1798ರಿಂದ ಪ್ಯಾರಿಸ್‌ನಲ್ಲಿ ರಾಬರ್ಟ್‌ಸನ್ ಎಂಬವನು ಹೊಗೆ, ಕತ್ತಲೆ, ಗಾಜಿನ ವಾದ್ಯ ಎಲ್ಲ ಸೇರಿಸಿ ದೆವ್ವಗಳನ್ನು ತೋರಿಸಿ ದುಡ್ಡು ಮಾಡಿದ. ಅದೇ ದೀಪವನ್ನು ಮುಂದೆ ಪ್ರೇಷಿತರು ಭಾರತದ ಹಳ್ಳಿಗಳಿಗೆ ಹೊತ್ತುತಂದು ಯೇಸುಸ್ವಾಮಿಯ ಜೀವನ ತೋರಿಸಿದರು. ಯಂತ್ರ ಒಂದೇ, ಒಬ್ಬನ ಕೈಯಲ್ಲಿ ಅದು ಹೆದರಿಸಿತು, ಇನ್ನೊಬ್ಬರ ಕೈಯಲ್ಲಿ ಸಾಕ್ಷಿ ಹೇಳಿತು. ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ಸಂಪರ್ಕ ಮಾಧ್ಯಮಗಳ ಕುರಿತ ತನ್ನ ಆದೇಶಪತ್ರದಲ್ಲಿ ಎಚ್ಚರಿಸಿದ್ದೂ ಇದನ್ನೇ: ಈ ಸಾಧನಗಳು ಸರಿಯಾಗಿ ಬಳಸಿದರೆ ಉಪಕಾರಿ, ತಪ್ಪಾಗಿ ಬಳಸಿದರೆ ಹಾನಿ.

ಸೇರ್ಪಡೆ ತಂತ್ರಾಂಶ ಎಂದರೇನು?

ಪವರ್‌ಪಾಯಿಂಟ್ 1987ರಲ್ಲಿ ಬಂತು. ಅಮೆರಿಕದ ಫೋರ್‌ಥಾಟ್ ಎಂಬ ಸಣ್ಣ ಕಂಪೆನಿ ಅದನ್ನು ಮ್ಯಾಕಿಂಟಾಷ್ ಕಂಪ್ಯೂಟರಿಗೆಂದು ತಯಾರಿಸಿತು. ಅದೇ ವರ್ಷ ಮೈಕ್ರೋಸಾಫ್ಟ್ ಆ ಕಂಪೆನಿಯನ್ನು 1 ಕೋಟಿ 40 ಲಕ್ಷ ಡಾಲರಿಗೆ ಕೊಂಡಿತು. ಮೊದಲು ಅದು ಕಪ್ಪು ಬಿಳುಪು ಹಾಳೆಗಳನ್ನು ಸಿದ್ಧಪಡಿಸುವ ಸಾಧನವಷ್ಟೇ. ಆಮೇಲೆ ಬಣ್ಣ ಬಂತು, ಒಂದು ಪುಟ ಕರಗಿ ಇನ್ನೊಂದು ಮೂಡುವ ಚಲನೆ ಬಂತು. ಅದೂ ಸಾಲದಾದಾಗ 2000ರ ಆಸುಪಾಸಿನಲ್ಲಿ ಬೇರೆ ಕಂಪೆನಿಗಳು ಸೇರ್ಪಡೆ ತಂತ್ರಾಂಶಗಳನ್ನು ಮಾಡಿದವು. ಕ್ರಿಸ್ಟಲ್‌ಗ್ರಾಫಿಕ್ಸ್‌ನ ಪವರ್‌ಪ್ಲಗ್ಸ್ ಅಂಥದ್ದೊಂದು. ಎತ್ತಿನ ಗಾಡಿಗೆ ಗೆಜ್ಜೆ ಕಟ್ಟಿದ ಹಾಗೆ: ಗಾಡಿ ಬೇರೆಯವರದು, ಗೆಜ್ಜೆ ಇವರದು. ಅದನ್ನು ಕಂಪ್ಯೂಟರಿಗೆ ಹಾಕಿಕೊಂಡರೆ ಪವರ್‌ಪಾಯಿಂಟ್ ಒಳಗೇ ಹೊಸ ಆಯ್ಕೆಗಳು ಕಾಣುತ್ತವೆ. ಪುಟ ಪುಸ್ತಕದಂತೆ ಮಗುಚುತ್ತದೆ, ಪೆಟ್ಟಿಗೆಯಂತೆ ತಿರುಗುತ್ತದೆ, ಗಾಜಿನಂತೆ ಒಡೆದು ಚೂರಾಗುತ್ತದೆ. ಮುಂದೆ ಪವರ್‌ಪಾಯಿಂಟೇ 2010ರ ಆವೃತ್ತಿಯಲ್ಲಿ ಇಂಥ ಎಷ್ಟೋ ಚಲನೆಗಳನ್ನು ತನ್ನೊಳಗೆ ಸೇರಿಸಿಕೊಂಡಿತು.

ಇಂಥ ಸೇರ್ಪಡೆಗಳ ಒಂದು ಗುಣವನ್ನು ನೆನಪಿಡಬೇಕು. ಸಾಮಾನ್ಯವಾಗಿ ಎಫೆಕ್ಟ್ ಇರುವುದು ನಮ್ಮ ಫೈಲಿನಲ್ಲಲ್ಲ, ಆ ಕಂಪ್ಯೂಟರಿನಲ್ಲಿ. ಸೇರ್ಪಡೆ ಇಲ್ಲದ ಕಂಪ್ಯೂಟರಿಗೆ ಫೈಲನ್ನು ಒಯ್ದರೆ ಬೆಂಕಿಯೂ ಇಲ್ಲ, ಗಾಜೂ ಇಲ್ಲ. ನಾವು ಬರೆದದ್ದೇನೋ ಅದಷ್ಟೇ ಪರದೆಯ ಮೇಲೆ ಉಳಿಯುತ್ತದೆ.

ಈಸೂರಿನಲ್ಲಿ ನಡೆದದ್ದು

ಈಗ ಈಸೂರಿಗೆ ಬರೋಣ. ಶಿಕಾರಿಪುರ ತಾಲ್ಲೂಕಿನ ಈ ಹಳ್ಳಿ 1942ರಲ್ಲಿ ಮೈಸೂರು ಸಂಸ್ಥಾನಕ್ಕೆ ಸೇರಿತ್ತು. ಆಗಸ್ಟ್‌ನಲ್ಲಿ ಗಾಂಧೀಜಿಯವರು 'ಭಾರತ ಬಿಟ್ಟು ತೊಲಗಿ' ಎಂದು ಕರೆಕೊಟ್ಟಾಗ ಇಲ್ಲಿನ ಜನ ಅದನ್ನು ತಮ್ಮ ಊರಿಗೇ ಹೇಳಿದ ಮಾತೆಂದು ತೆಗೆದುಕೊಂಡರು. ಕಂದಾಯ ಕೊಡುವುದಿಲ್ಲವೆಂದರು. ಸೆಪ್ಟೆಂಬರ್‌ನಲ್ಲಿ ವೀರಭದ್ರೇಶ್ವರ ದೇವಸ್ಥಾನದ ಮೇಲೆ ತ್ರಿವರ್ಣ ಧ್ವಜ ಏರಿಸಿ ತಮ್ಮ ಹಳ್ಳಿ ಸ್ವತಂತ್ರವೆಂದು ಸಾರಿದರು. ತಮ್ಮದೇ ಸರ್ಕಾರ ಮಾಡಿ, ಜಯಣ್ಣ ಎಂಬ ಹುಡುಗನನ್ನು ಅಮಲ್ದಾರನನ್ನಾಗಿ, ಮಲ್ಲಪ್ಪ ಎಂಬ ಹುಡುಗನನ್ನು ಸಬ್ ಇನ್‌ಸ್ಪೆಕ್ಟರನನ್ನಾಗಿ ನೇಮಿಸಿದರು. 'ಏಸೂರು ಕೊಟ್ಟರೂ ಈಸೂರು ಕೊಡೆವು' ಎಂಬ ಘೋಷಣೆ ನಾಡಿನಲ್ಲೆಲ್ಲ ಹರಡಿತು.

ಸೆಪ್ಟೆಂಬರ್ 28ರಂದು ಅಮಲ್ದಾರ್ ಚನ್ನಕೃಷ್ಣಪ್ಪನವರು, ಸಬ್ ಇನ್‌ಸ್ಪೆಕ್ಟರ್ ಕೆಂಚೇಗೌಡರು ಪೊಲೀಸರೊಂದಿಗೆ ಊರಿಗೆ ಬಂದರು. ಮಾತಿಗೆ ಮಾತು ಬೆಳೆದು ಘರ್ಷಣೆಯಾಯಿತು. ಇಬ್ಬರು ಅಧಿಕಾರಿಗಳೂ ಜನರ ಏಟಿಗೆ ಸತ್ತರು. ಅವರು ಇಂಗ್ಲಿಷರಲ್ಲ, ನಮ್ಮವರೇ, ಸಂಸ್ಥಾನದ ಕೆಲಸದಲ್ಲಿದ್ದವರು. ಆಮೇಲೆ ಸೈನ್ಯ ಬಂತು. ಮನೆಗಳು ಲೂಟಿಯಾದವು, ಬೆಂಕಿಗೆ ಆಹುತಿಯಾದವು. ಜನ ಹೆಂಗಸರು ಮಕ್ಕಳೊಂದಿಗೆ ಕಾಡು ಸೇರಿದರು. ವಿಚಾರಣೆಯ ನಂತರ ಹೆಂಗಸರೂ ಸೇರಿದಂತೆ ಹಲವರಿಗೆ ಜೀವಾವಧಿ ಶಿಕ್ಷೆಯಾಯಿತು. ಐವರಿಗೆ ಗಲ್ಲು. 1943ರ ಮಾರ್ಚ್ 8ರಿಂದ 10ರವರೆಗೆ ಮೂರು ದಿನಗಳಲ್ಲಿ ಬೆಂಗಳೂರಿನ ಸೆರೆಮನೆಯಲ್ಲಿ ಅವರನ್ನು ನೇಣಿಗೇರಿಸಿದರು. ಗುರಪ್ಪ, ಜೀನಹಳ್ಳಿ ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಬಡಕಳ್ಳಿ ಹಾಲಪ್ಪ, ಗೌಡ್ರ ಶಂಕರಪ್ಪ. ಸ್ವಾತಂತ್ರ್ಯ ಬರಲು ಇನ್ನೂ ನಾಲ್ಕು ವರ್ಷಗಳಿದ್ದವು.

ಆ ಸಂಜೆ

ಈ ಕಥೆಗೆ ನಾನು ಏನೇನು ಮಾಡಿದ್ದೆ ಕೇಳಿರಿ. ಮನೆಗಳು ಸುಟ್ಟ ಪುಟಕ್ಕೆ ಅಂಚಿನಿಂದ ಬೆಂಕಿ ಹತ್ತಿ ಹಾಳೆ ಉರಿದುಹೋಗುವ ಎಫೆಕ್ಟ್. ಐವರ ಹೆಸರುಗಳು ಒಂದೊಂದಾಗಿ ಗಿರಗಿರ ತಿರುಗುತ್ತಾ ಬಂದು ನಿಲ್ಲುವ ಎಫೆಕ್ಟ್. ಇಬ್ಬರು ಅಧಿಕಾರಿಗಳ ಹೆಸರಿದ್ದ ಪುಟವಂತೂ ಕ್ಷಣಮಾತ್ರ ಕಂಡು ಗಾಜಿನಂತೆ ಒಡೆದುಹೋಗಬೇಕು. ಜೊತೆಗೊಂದು ದೊಡ್ಡ ಸದ್ದು. ಹಿಂದಿನ ರಾತ್ರಿ ಹಾಸ್ಟೆಲ್ ಮಕ್ಕಳಿಗೆ ತೋರಿಸಿದಾಗ ಊರು ಉರಿಯುವ ಪುಟಕ್ಕೆ ಅವರು ಚಪ್ಪಾಳೆ ತಟ್ಟಿ, "ಇನ್ನೊಂದ್ಸಲ ಸುಡಿ ಬ್ರದರ್!" ಎಂದು ಕೂಗಿದರು. ನಾನು ಹಿಗ್ಗಿ ಮತ್ತೆ ತೋರಿಸಿದೆ. ನಾವು ಚಪ್ಪಾಳೆ ತಟ್ಟಿದ್ದು ಯಾರದೋ ಮನೆ ಸುಡುವುದಕ್ಕೆ ಎಂಬುದು ನನಗೆ ಹೊಳೆಯಲಿಲ್ಲ.

ಮರುದಿನ ಸಭೆ ತುಂಬಿತ್ತು. ನಮ್ಮ ಕಂಪ್ಯೂಟರ್ ಕೈಕೊಟ್ಟಿತು. ಯಾರೋ ಇನ್ನೊಂದನ್ನು ತಂದುಕೊಟ್ಟರು. ಅದರಲ್ಲಿ ಸೇರ್ಪಡೆ ತಂತ್ರಾಂಶ ಇರಲಿಲ್ಲ. ಮೊದಲೇ ಪರೀಕ್ಷಿಸದೆ ಇದ್ದದ್ದು ನನ್ನದೇ ತಪ್ಪು. ಬೆಂಕಿ ಬರಲಿಲ್ಲ, ಸದ್ದು ಬರಲಿಲ್ಲ. ದೇವಸ್ಥಾನದ ಫೋಟೊ, ಹುತಾತ್ಮರ ಸ್ಮಾರಕದ ಫೋಟೊ, ಬಿಳಿಯ ಅಕ್ಷರದ ಹೆಸರುಗಳು, ಅಷ್ಟೇ. ಒಡೆದುಹೋಗಬೇಕಿದ್ದ ಪುಟ ಒಡೆಯದೆ ನಿಂತುಬಿಟ್ಟಿತು. ಕೈಕಾಲು ಆಡದೆ ನಾನೂ ನಿಂತೆ. ಆ ಇಬ್ಬರ ಹೆಸರುಗಳು ಬಹಳ ಹೊತ್ತು ಪರದೆಯ ಮೇಲೆ ಉಳಿದವು. ಸಭೆಯಲ್ಲಿ ಒಂದು ಮಾತೂ ಇಲ್ಲ. ಆಮೇಲೆ ಐವರ ಹೆಸರುಗಳು ಬಂದಾಗ ಹಿಂದಿನ ಸಾಲಿನಲ್ಲಿ ಯಾರೋ ಎದ್ದು ನಿಂತರು. ನೋಡನೋಡುತ್ತ ಎಲ್ಲರೂ ಎದ್ದರು.

ಕಾರ್ಯಕ್ರಮ ಮುಗಿದ ಮೇಲೆ ನಾಚಿಕೆಯಿಂದ ವೈರುಗಳನ್ನು ಸುತ್ತುತ್ತಿದ್ದೆ. ಈಸೂರಿನ ಕಡೆಯವರೆಂದು ಹೇಳಿಕೊಂಡ ಹಿರಿಯರೊಬ್ಬರು ಹತ್ತಿರ ಬಂದರು. "ಬ್ರದರ್, ಅಮಲ್ದಾರ್ರ ಹೆಸ್ರೂ ಹಾಕೀರಲ್ಲ, ಚಲೋ ಆತು. ಅವತ್ತು ಅವರ ಮನ್ಯಾಗೂ ದೀಪ ಹಚ್ಚಿರಕ್ಕಿಲ್ಲ" ಎಂದರು.

ನನಗೆ ಉತ್ತರ ಹೊಳೆಯಲಿಲ್ಲ. ಆ ಹೆಸರುಗಳನ್ನು ನಾನು ಹಾಕಿದ್ದು ಒಡೆದು ಚೂರು ಮಾಡುವುದಕ್ಕೆ. ಅವರು ಅದನ್ನು ಗೌರವ ಎಂದುಕೊಂಡರು. ಅಂದು ನನ್ನ ಮರ್ಯಾದೆ ಉಳಿದದ್ದು ನನ್ನ ಜಾಣತನದಿಂದಲ್ಲ, ಎಫೆಕ್ಟ್ ಬಾರದೆ ಹೋದದ್ದರಿಂದ.

ಮಾತೆಯ ಹಬ್ಬ ಕಲಿಸುವ ಪಾಠ

ಪ್ರಿಯರೇ, ಈ ಹಬ್ಬದ ಸತ್ಯವನ್ನೇ ನೋಡಿ. ಮಾತೆಯ ಸ್ವರ್ಗಸ್ವೀಕಾರವನ್ನು ಚಿತ್ರಕಾರರು ಮೋಡ, ದೇವದೂತರು, ಬಂಗಾರದ ಬೆಳಕಿನಿಂದ ಅಲಂಕರಿಸಿದ್ದಾರೆ. ವೆನಿಸ್‌ನಲ್ಲಿ ಟಿಷಿಯನ್ 1518ರಲ್ಲಿ ಮುಗಿಸಿದ ದೊಡ್ಡ ಚಿತ್ರ ಜಗತ್ಪ್ರಸಿದ್ಧ. ಆದರೆ 1950ರ ನವೆಂಬರ್ 1ರಂದು ಜಗದ್ಗುರು ಹನ್ನೆರಡನೆಯ ಭಕ್ತಿನಾಥರು ಈ ವಿಶ್ವಾಸ ಸತ್ಯವನ್ನು ಘೋಷಿಸಿದಾಗ ಅದರಲ್ಲಿ ಮೋಡವೂ ಇರಲಿಲ್ಲ, ದೇವದೂತರೂ ಇರಲಿಲ್ಲ. ನಿಷ್ಕಳಂಕ ಮಾತೆ ತಮ್ಮ ಇಹಲೋಕದ ಜೀವನವನ್ನು ಮುಗಿಸಿದ ಮೇಲೆ ಆತ್ಮಶರೀರಗಳೊಂದಿಗೆ ಸ್ವರ್ಗೀಯ ಮಹಿಮೆಗೆ ಸ್ವೀಕೃತರಾದರು, ಇಷ್ಟೇ. ಚಿತ್ರ ನಮ್ಮ ಕಣ್ಣನ್ನು ಮೇಲೆತ್ತಲಿ, ಒಳ್ಳೆಯದೇ. ಆದರೆ ನಮ್ಮ ವಿಶ್ವಾಸ ನಿಂತಿರುವುದು ಮೋಡದ ಮೇಲಲ್ಲ, ಸತ್ಯದ ಮೇಲೆ.

ಅಂದಿನ ಶುಭಸಂದೇಶದಲ್ಲಿ ಮಾತೆ ಎಲಿಸಬೇತಳ ಮನೆಯಲ್ಲಿ ದೇವರನ್ನು ಕೊಂಡಾಡುತ್ತಾರೆ (ಲೂಕ 1:39-56). ಬಲಾಢ್ಯರು ಸಿಂಹಾಸನದಿಂದ ಇಳಿಯುವುದನ್ನು, ದೀನರು ಮೇಲೇರುವುದನ್ನು, ಹಸಿದವರು ತೃಪ್ತರಾಗುವುದನ್ನು ಹಾಡುತ್ತಾರೆ. ಈಸೂರಿನ ರೈತರ ಎದೆಯಲ್ಲಿದ್ದದ್ದೂ ಇಂಥದೇ ಹಂಬಲ. ಆದರೆ ಮಾತೆಯ ಹಾಡಿನಲ್ಲಿ ಬಿದ್ದವರನ್ನು ಕಂಡು ನಗುವ ದನಿಯಿಲ್ಲ. ದೇವರ ಕರುಣೆಯ ಸ್ಮರಣೆಯಿದೆ. ಶಿಲುಬೆಯ ಕೆಳಗೆ ನಿಂತ ತಾಯಿಗೆ ಸತ್ತ ಮಗನನ್ನು ನೋಡುವುದೆಂದರೇನೆಂದು ಗೊತ್ತು. ಗಲ್ಲಿಗೇರಿದ ಐವರ ತಾಯಂದಿರನ್ನೂ ಮನೆಗೆ ಮರಳದ ಆ ಇಬ್ಬರ ತಾಯಂದಿರನ್ನೂ ಅವರು ಬಲ್ಲರು.

ಆದ್ದರಿಂದ ನಮ್ಮ ಯುವಜನರಿಗೆ ನನ್ನ ಬಿನ್ನಹ ಇಷ್ಟೇ. ಈ ಹಬ್ಬಕ್ಕೆ ಸ್ಲೈಡ್ ಮಾಡಿರಿ, ಚೆನ್ನಾಗಿಯೇ ಮಾಡಿರಿ. ಹೂವು ಅರಳುವಲ್ಲಿ, ಬೆಳಕು ಮೂಡುವಲ್ಲಿ ಎಫೆಕ್ಟ್ ಇರಲಿ. ಆದರೆ ಮನುಷ್ಯರ ನೋವು ಬಂದ ಪುಟದಲ್ಲಿ ಕೈ ತಡೆಯಿರಿ. ಎಲ್ಲ ಮುಗಿದ ಮೇಲೆ ಒಂದು ಸಲ ಎಫೆಕ್ಟುಗಳನ್ನೆಲ್ಲ ತೆಗೆದು ನೋಡಿರಿ. ಆಗಲೂ ಪರದೆಯ ಮೇಲೆ ಹೇಳುವಂಥದ್ದು ಉಳಿದಿದ್ದರೆ ನೀವು ಇತಿಹಾಸ ಹೇಳಿದ್ದೀರಿ. ಏನೂ ಉಳಿಯದಿದ್ದರೆ ಬರೀ ಗೆಜ್ಜೆ ಕುಣಿಸಿದ್ದೀರಿ.

ಸ್ವರ್ಗಸ್ವೀಕೃತ ಮಾತೆ ನಮ್ಮ ದೇಶಕ್ಕಾಗಿ, ಈ ನೆಲಕ್ಕಾಗಿ ಮಡಿದ ಎಲ್ಲರಿಗಾಗಿ, ಅವರ ಮನೆಗಳವರಿಗಾಗಿ ಪ್ರಾರ್ಥಿಸಲಿ. ಆಮೆನ್.