ಉತ್ಪಾದನೆ ನಿಲ್ಲದ ಹಡಗಿನಲ್ಲಿ ಉಕ್ಕಿನ ದುರಸ್ತಿ: ಹುಮನಾಬಾದಿನ ಕಾರ್ಖಾನೆಯಿಂದ ಕಾಕಿನಾಡದ ಕಡಲಿನವರೆಗೆ

ಉರಿಯುವ ವಸ್ತುವನ್ನು ತುಂಬಿಟ್ಟಿದ್ದ ತೊಟ್ಟಿಗೆ ಬೆಸುಗೆ ಹಾಕುವ ಮುನ್ನ ಆ ವಸ್ತುವನ್ನೂ ಅದರ ಆವಿಯನ್ನೂ ತೆಗೆದುಹಾಕಬೇಕು ಅಥವಾ ನಿರಪಾಯಗೊಳಿಸಬೇಕು, ಬೆಸುಗೆಯ ಬಳಿಕ ಲೋಹ ಸಾಕಷ್ಟು ತಣಿಯುವವರೆಗೆ ಅದನ್ನು ಮತ್ತೆ ಒಳಬಿಡಕೂಡದು ಎಂಬ ನಿಯಮವನ್ನು 1948ರ ಕಾರ್ಖಾನೆಗಳ ಕಾಯ್ದೆಯ 37ನೇ ಕಲಂ ವಿಧಿಸಿತು. ಹುಮನಾಬಾದಿನ ಕೈಗಾರಿಕಾ ಪ್ರದೇಶದ ರಾಸಾಯನಿಕ ಘಟಕವೊಂದು ಒಂದು ತೊಟ್ಟಿಯನ್ನು ಬರಿದುಮಾಡಿ, ಕೊಳವೆಗಳನ್ನು ಬಿಚ್ಚಿ ಮುಚ್ಚಿ, ಈ ನಿಯಮವನ್ನು ಪಾಲಿಸಬಲ್ಲದು. ಬೀದರ್ ಜಿಲ್ಲೆಯ ಸಕ್ಕರೆ ಕಾರ್ಖಾನೆಗಳಿಗೆ ಕಬ್ಬು ನುರಿಸುವ ಹಂಗಾಮು ಮುಗಿದ ಮೇಲೆ ಯಂತ್ರಗಳನ್ನು ಬಿಚ್ಚಿ ರಿಪೇರಿ ಮಾಡಲು ತಿಂಗಳುಗಟ್ಟಲೆ ಬಿಡುವಿರುತ್ತದೆ. ಬಸವಕಲ್ಯಾಣದ ಗ್ಯಾರೇಜಿನಲ್ಲಿ ಲಾರಿಯ ಚಾಸಿ ಬೆಸೆಯುವಾಗ ಮೊದಲು ಸರಕು ಇಳಿಯಬೇಕು. ಬರಿದುಮಾಡುವುದು, ನಿಲ್ಲಿಸುವುದು, ಭಾರ ಇಳಿಸುವುದು ಎಂಬ ಈ ಮೂರು ಅನುಕೂಲಗಳೂ ಪೂರ್ಣವಾಗಿ ದೊರೆಯದ ಸ್ಥಳವೆಂದರೆ ಕಡಲಲ್ಲಿ ಲಂಗರು ಹಾಕಿ ತೈಲವನ್ನು ಸಂಸ್ಕರಿಸುತ್ತ, ಸಂಗ್ರಹಿಸುತ್ತ, ಸಾಗಣೆ ಹಡಗುಗಳಿಗೆ ತುಂಬಿಸಿಕೊಡುವ ತೇಲು ಉತ್ಪಾದನಾ ಹಡಗು.

ಭಾರತದ ಕೃಷ್ಣಾ-ಗೋದಾವರಿ ಜಲಾನಯನದಲ್ಲಿ ‘ಧೀರೂಭಾಯಿ-1’ ಎಂಬ ಇಂಥ ಹಡಗು 2008ರಲ್ಲಿ ಉತ್ಪಾದನೆ ಆರಂಭಿಸಿತು. ಕಾಕಿನಾಡದ ಆಚೆ ಓಎನ್‌ಜಿಸಿಯ ಆಳಸಮುದ್ರ ಕ್ಷೇತ್ರದಲ್ಲಿ 2024ರ ಜನವರಿಯಲ್ಲಿ ಮೊದಲ ತೈಲ ಹರಿದುಬಂದದ್ದು ‘ಅರ್ಮಡಾ ಸ್ಟರ್ಲಿಂಗ್-5’ ಎಂಬ ಹಡಗಿಗೆ. ಸಾಮಾನ್ಯ ಹಡಗು ನಿಯತ ಕಾಲಕ್ಕೆ ರಿಪೇರಿಗಾಗಿ ಒಣ ಹಡಗುಕಟ್ಟೆಗೆ (ಡ್ರೈ ಡಾಕ್) ಹೋಗುತ್ತದೆ; ಈ ಬಗೆಯ ಹಡಗು ಹದಿನೈದಿಪ್ಪತ್ತು ವರ್ಷ ಸ್ಥಳ ಬಿಟ್ಟು ಕದಲದಿರಬಹುದು. ಆ ಅವಧಿಯಲ್ಲಿ ಸಮತೋಲನಕ್ಕಾಗಿ ಕಡಲ ನೀರು ತುಂಬುವ ಬಲ್ಲಾಸ್ಟ್ ತೊಟ್ಟಿಗಳಲ್ಲಿ ಬಣ್ಣದ ಲೇಪ ಕಳಚಿ ತುಕ್ಕು ಹಿಡಿಯುತ್ತದೆ. ಅಲೆಗಳ ಬಡಿತವೂ ತೈಲ ತುಂಬಿ ಖಾಲಿಯಾಗುವ ಆವರ್ತವೂ ಸೇರಿ ಆಧಾರಪಟ್ಟಿಗಳ ಬೆಸುಗೆಯ ಮೂಲೆಗಳಲ್ಲಿ ಬಿರುಕು ಮೂಡಿಸುತ್ತವೆ.

ಬೆಸುಗೆ ಹಾಕಬೇಕಾದ ತೊಟ್ಟಿಯನ್ನು ತೊಳೆದು ಅನಿಲಮುಕ್ತಗೊಳಿಸಿದರೂ ಪಕ್ಕದ ತೊಟ್ಟಿಯಲ್ಲಿ ತೈಲವಿರಬಹುದು; ತಗಡಿನ ಒಂದು ಬದಿಯ ತಾಪ ಇನ್ನೊಂದು ಬದಿಗೆ ದಾಟುವುದರಿಂದ ಆ ತೊಟ್ಟಿಯನ್ನೂ ಖಾಲಿ ಮಾಡಿ ನೀರು ತುಂಬುವುದೋ, ಆವಿಯನ್ನು ಹೊರದೂಡಿ ದಹನಕ್ಕೆ ನೆರವಾಗದ ಜಡ ಅನಿಲ ತುಂಬುವುದೋ ಅಗತ್ಯವಾಗುತ್ತದೆ. ಆದರೆ ಒಂದು ತೊಟ್ಟಿ ಖಾಲಿಯಾದರೆ ಹಡಗಿನ ಒಡಲು ಬಾಗುವ ರೀತಿಯೇ ಬದಲಾಗಿ, ಕತ್ತರಿಸಿ ತೆಗೆಯಬೇಕಾದ ತಗಡಿನ ಮೇಲೆಯೇ ಒತ್ತಡ ಹೆಚ್ಚಬಹುದು. ಆದ್ದರಿಂದ ತೈಲ ಮತ್ತು ನೀರಿನ ಹಂಚಿಕೆಯನ್ನು ಮೊದಲೇ ಲೆಕ್ಕಹಾಕದೆ ಒಂದು ಅಂಗುಲವನ್ನೂ ಕತ್ತರಿಸಬಾರದು. ಹೊರಬದಿಯಲ್ಲಿ ಕಡಲ ನೀರಿರುವ ತಗಡಿನ ಬೆಸುಗೆ ಇನ್ನೂ ಕಠಿಣ: ನೀರು ಶಾಖವನ್ನು ಬೇಗ ಹೀರುವುದರಿಂದ ಬೆಸುಗೆಯ ಅಂಚಿನ ಉಕ್ಕು ಗಡುಸಾಗಿ, ಅದರೊಳಗೆ ಸೇರಿದ ಹೈಡ್ರೋಜನ್ ಕೆಲವು ಗಂಟೆಗಳ ನಂತರವೂ ಬಿರುಕು ತರಬಲ್ಲದು. ಒಣಗಿಸಿದ ಕಡಿಮೆ ಹೈಡ್ರೋಜನ್ನಿನ ಎಲೆಕ್ಟ್ರೋಡ್ ಬಳಸುವುದು, ಹೊರಗಡೆ ನೀರುತಡೆ ಪೆಟ್ಟಿಗೆ ಕೂರಿಸಿ ತಗಡನ್ನು ಒಣಗಿಸುವುದು ಇದಕ್ಕೆ ಉಪಾಯಗಳು. ಮೇಲ್ಡೆಕ್ಕಿನಲ್ಲಾದರೆ ಬೆಂಕಿ ತಾಳುವ ಬಟ್ಟೆಯ ಕೋಣೆ ಕಟ್ಟಿ, ಒಳಗೆ ಗಾಳಿಯ ಒತ್ತಡವನ್ನು ಹೊರಗಿಗಿಂತ ತುಸು ಹೆಚ್ಚಿಗೆ ಇರಿಸಿ, ಅನಿಲ ಕಂಡೊಡನೆ ಬೆಸುಗೆಯ ವಿದ್ಯುತ್ ತಾನೇ ಕಡಿಯುವಂತೆ ಮಾಡುವ ವ್ಯವಸ್ಥೆಯಿದೆ.

ಬೆಂಕಿಯನ್ನೇ ದೂರವಿಡುವ ದಾರಿಯಾಗಿ ಇಂಗಾಲದ ಅಥವಾ ಗಾಜಿನ ನಾರಿನ ಪದರಗಳನ್ನು ಇಪಾಕ್ಸಿ ಅಂಟಿನಿಂದ ತಗಡಿಗೆ ಕೂಡಿಸುವ ತಣ್ಣನೆಯ ದುರಸ್ತಿ ಬಳಕೆಗೆ ಬಂದಿದೆ. ತುಕ್ಕಿನಿಂದ ತೆಳುವಾದ ತಗಡಿಗೆ ಇದು ಒಳ್ಳೆಯ ಉಪಾಯವೇ. ಆದರೆ ಅಂಟಿನ ಹಿಡಿತದ ಬಲವನ್ನು, ಬೆಸುಗೆಯ ದೋಷ ಹುಡುಕಿದಂತೆ, ಮುಗಿದ ಮೇಲೆ ಅಳೆಯುವ ಭರವಸೆಯ ವಿಧಾನವಿಲ್ಲ. ಮೇಲ್ಮೈಯನ್ನು ಎಷ್ಟು ಶುದ್ಧವಾಗಿ ಉಜ್ಜಲಾಯಿತು ಎಂಬುದೇ ಎಲ್ಲವನ್ನೂ ನಿರ್ಧರಿಸುತ್ತದೆ. ಒಡಲಿನ ಮುಖ್ಯ ಬಲವನ್ನು ಹೊರುವ ಬಿರುಕುಬಿಟ್ಟ ಭಾಗಕ್ಕೆ ಅದನ್ನು ಶಾಶ್ವತ ಪರಿಹಾರವೆಂದು ಪರಿಗಣಿಸುವುದು ಅವಸರದ ತೀರ್ಮಾನ. ಬಿರುಕಿನ ತುದಿಯಲ್ಲಿ ರಂಧ್ರ ಕೊರೆದು ಅದರ ಬೆಳವಣಿಗೆ ತಡೆಯುವ ಕ್ರಮವೂ ತಾತ್ಕಾಲಿಕವೇ.

ಸಕ್ಕರೆ ಕಾರ್ಖಾನೆಗೆ ಮಳೆಗಾಲ ರಿಪೇರಿಯ ಕಾಲವಾದರೆ, ಭಾರತದ ಕರಾವಳಿಯಾಚೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮುಂಗಾರು ಇಂಥ ಕೆಲಸಕ್ಕೆ ಹೆಚ್ಚಿನಂಶ ಅಡ್ಡಿಯೇ. ಹಡಗುಗಳ ದೃಢತೆಯನ್ನು ಪರಿಶೀಲಿಸುವ ವರ್ಗೀಕರಣ ಸಂಸ್ಥೆಗಳು ತಾತ್ಕಾಲಿಕ ದುರಸ್ತಿಗೆ ಗಡುವು ವಿಧಿಸುವುದು ಇಂಥಲ್ಲಿ ನಿರ್ಣಾಯಕವಾಗುತ್ತದೆ. ಆ ಗಡುವಿನೊಳಗೆ ಶಾಂತ ಸಮುದ್ರದ ಒಂದು ಅವಧಿ ಸಿಗದಿದ್ದರೆ, ಉತ್ಪಾದನೆಯನ್ನು ತಗ್ಗಿಸಿಯೋ ನಿಲ್ಲಿಸಿಯೋ ಆ ತೊಟ್ಟಿಯನ್ನು ಬಳಕೆಯಿಂದ ಹೊರಗಿಡುವ ವೆಚ್ಚವನ್ನು ಯೋಜನೆಯ ಮೊದಲ ದಿನದಿಂದಲೇ ಲೆಕ್ಕದಲ್ಲಿ ಸೇರಿಸಿಕೊಂಡಿರಬೇಕು.