ಸಮಗ್ರ ಶಿಶು ಅಭಿವೃದ್ಧಿ ಸೇವಾ ಯೋಜನೆ

ಆರು ವರ್ಷದೊಳಗಿನ ಮಕ್ಕಳ ಆಹಾರ, ಆರೋಗ್ಯ, ಕಲಿಕೆ ಮೂರನ್ನೂ ಅಂಗನವಾಡಿಯ ಒಂದೇ ಸೂರಿನಡಿ ತರಲು ಭಾರತ ಸರ್ಕಾರ 1975ರ ಅಕ್ಟೋಬರ್ 2ರಂದು ಆರಂಭಿಸಿದ ಕಾರ್ಯಕ್ರಮ. ಹಿಂದಿನ ವರ್ಷದ ರಾಷ್ಟ್ರೀಯ ಮಕ್ಕಳ ನೀತಿ ಇದಕ್ಕೆ ತಳಹದಿ. ಮೊದಲು ಪ್ರಯೋಗಕ್ಕೆಂದು ಆಯ್ದ 33 ಕಡೆಗಳಲ್ಲಿ ಕರ್ನಾಟಕದ ಪಾಲಿಗೆ ಬಂದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಅಲ್ಲಿ 100 ಅಂಗನವಾಡಿಗಳು ತೆರೆದವು.

ಅಂಗಳದಲ್ಲೇ ಶಿಶುವಿಹಾರ ನಡೆಸುವ ಪ್ರಯೋಗ ಅದಕ್ಕಿಂತ ಹಳೆಯದು. ಶಿಕ್ಷಣತಜ್ಞೆಯರಾದ ತಾರಾಬಾಯಿ ಮೋಡಕ್ ಮತ್ತು ಅನುತಾಯಿ ವಾಘ್ 1945ರಲ್ಲೇ ಇಂದಿನ ಮಹಾರಾಷ್ಟ್ರದ ಬೋರ್ಡಿಯಲ್ಲಿ, ಮುಂದೆ ಕೋಸಬಾಡದಲ್ಲಿ ಬಡ ಮತ್ತು ಆದಿವಾಸಿ ಮಕ್ಕಳ ಮನೆಬಾಗಿಲಿಗೇ ಪಾಠ ಒಯ್ದಿದ್ದರು. ಅಲ್ಲಿ ಕಲಿಕೆಯೇ ಮುಖ್ಯ. ಸರ್ಕಾರಿ ಯೋಜನೆಯಲ್ಲಿ ಅದು ಆರು ಸೇವೆಗಳಲ್ಲಿ ಒಂದಾಯಿತು.

ಆ ಆರರಲ್ಲಿ ಚುಚ್ಚುಮದ್ದು, ಆರೋಗ್ಯ ತಪಾಸಣೆ, ಆಸ್ಪತ್ರೆಗೆ ಕಳಿಸುವ ಕೆಲಸ ಆರೋಗ್ಯ ಇಲಾಖೆಯ ಜೊತೆಗೂಡಿ ನಡೆಯಬೇಕು. ಪೂರಕ ಆಹಾರ, ತಾಯಂದಿರಿಗೆ ತಿಳಿವಳಿಕೆ, ಶಾಲಾಪೂರ್ವ ಶಿಕ್ಷಣ ಅಂಗನವಾಡಿಯದೇ ಹೊಣೆ. ಕಾಗದದ ಮೇಲೆ ಇವನ್ನೆಲ್ಲ ಹೊಂದಿಸುವವರು ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ). ನಿಜವಾಗಿ ಹೊಂದಿಸುವವಳು ಊರಿನ ಕಾರ್ಯಕರ್ತೆ. ಚುಚ್ಚುಮದ್ದಿನ ದಿನ ಮನೆಮನೆಗೆ ಹೋಗಿ ಮಕ್ಕಳನ್ನು ಕರೆತರುವುದು, ತೂಕ ನೋಡಿ ನಕ್ಷೆಯಲ್ಲಿ ಗುರುತು ಹಾಕುವುದು, ದಾಸ್ತಾನಿನ ಲೆಕ್ಕ ಬರೆಯುವುದು, ಮಧ್ಯೆ ಬಿಡುವಾದರೆ ಹಾಡು, ಕಥೆ. ಮೇಲಿನವರು ಲೆಕ್ಕ ಕೇಳುವ ಕೆಲಸಕ್ಕೇ ಮೊದಲ ಸರದಿ. ಕಥೆಗೆ ರಿಜಿಸ್ಟರಿನಲ್ಲಿ ಅಷ್ಟು ಜಾಗವಿಲ್ಲ. ಇಷ್ಟು ಮಾಡಿಯೂ ಆಕೆಗೆ ಸಿಗುವುದು ಸಂಬಳವಲ್ಲ, ಗೌರವಧನ.

ಕಾನೂನೂ ಮಗುವಿನ ವಯಸ್ಸನ್ನು ಎರಡಾಗಿ ಸೀಳಿತು. ಸಂವಿಧಾನದ 2002ರ 86ನೇ ತಿದ್ದುಪಡಿ 6ರಿಂದ 14 ವರ್ಷದವರಿಗೆ ಶಿಕ್ಷಣವನ್ನು ಮೂಲಭೂತ ಹಕ್ಕಾಗಿಸಿತು. ಅದಕ್ಕಿಂತ ಚಿಕ್ಕವರನ್ನು 45ನೇ ವಿಧಿಯ ನಿರ್ದೇಶಕ ತತ್ತ್ವಕ್ಕೆ ಬಿಟ್ಟಿತು. ಹೀಗಾಗಿ ಐದರ ಮಗು ಮಹಿಳಾ ಮತ್ತು ಮಕ್ಕಳ ಇಲಾಖೆಗೆ, ಅದೇ ಮಗು ಆರಾದೊಡನೆ ಶಿಕ್ಷಣ ಇಲಾಖೆಗೆ. ಈ ನಡುವೆ ಯೋಜನೆ ಊರೂರಿಗೆ ಹಬ್ಬಿದ್ದಕ್ಕೆ ಇಲಾಖೆಗಳ ಉತ್ಸಾಹಕ್ಕಿಂತ ಆಹಾರದ ಹಕ್ಕಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2001ರಿಂದ ಕೊಟ್ಟ ಆದೇಶಗಳೇ ದೊಡ್ಡ ಕಾರಣ. 2013ರಲ್ಲಿ ಶಿಶು ಆರೈಕೆ ಮತ್ತು ಶಿಕ್ಷಣಕ್ಕೆ ಪ್ರತ್ಯೇಕ ರಾಷ್ಟ್ರೀಯ ನೀತಿಯೂ ಬಂತು.

2020ರ ರಾಷ್ಟ್ರೀಯ ಶಿಕ್ಷಣ ನೀತಿ 3ರಿಂದ 8 ವರ್ಷವನ್ನು ಒಂದೇ ಹಂತವೆಂದಿತು. ಇಲಾಖೆಗಳ ನಡುವಿನ ಗಡಿ ಅಳಿಯುವ ಬದಲು ಇದರಿಂದ ತಕರಾರು ಹೆಚ್ಚಿತು. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆಯುವ ಕ್ರಮದಿಂದ ತಮ್ಮ ಕೇಂದ್ರಗಳು ಖಾಲಿಯಾಗುತ್ತವೆಂದು 2024ರಲ್ಲಿ ಅಂಗನವಾಡಿ ನೌಕರರು ಬೀದಿಗಿಳಿದರು. ಅದೇ ವರ್ಷ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ ಬೆಂಗಳೂರಿನ ಕೆಲವು ಅಂಗನವಾಡಿಗಳನ್ನೇ ‘ಸರ್ಕಾರಿ ಮಾಂಟೆಸ್ಸರಿ’ಗಳಾಗಿ ಮಾಡಿತು.